ರಕ್ತದ ವರದಿ ಸರಿ, ಎಲುಬಿನ ಗತಿ?

ರಕ್ತಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಸರಿಯಿದೆ ಎಂದು ಬಂದರೆ ಎಲುಬೂ ಗಟ್ಟಿಯಿದೆ ಎಂದುಕೊಳ್ಳುವವರು ಬಹಳ. ಆ ನೆಮ್ಮದಿ ಪೂರ್ತಿ ನಂಬುವಂಥದ್ದಲ್ಲ. ದೇಹದ ಕ್ಯಾಲ್ಸಿಯಂನಲ್ಲಿ ಶೇ. 99ರಷ್ಟು ಇರುವುದು ಎಲುಬು ಮತ್ತು ಹಲ್ಲುಗಳಲ್ಲಿ. ರಕ್ತದಲ್ಲಿರುವುದು ಅತ್ಯಲ್ಪ. ಆದರೆ ಹೃದಯ ಬಡಿಯಲು, ನರ ಮಿಡಿಯಲು ಆ ಅಲ್ಪವೇ ಬೇಕು. ಅದು ಇಳಿಯದಂತೆ ದೇಹ ಎಲುಬನ್ನಾದರೂ ಕರಗಿಸುತ್ತದೆ.

ಈ ಕಾವಲು ಥೈರಾಯ್ಡ್ ಗ್ರಂಥಿಯ ಬೆನ್ನಿಗಂಟಿರುವ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳದು. ಒಂದೊಂದೂ ಬೇಳೆಕಾಳಿನಷ್ಟು. ರಕ್ತದ ಕ್ಯಾಲ್ಸಿಯಂ ತುಸು ಇಳಿದರೂ ಇವು ಹಾರ್ಮೋನು ಸುರಿಸುತ್ತವೆ. ಮೂತ್ರದಲ್ಲಿ ಹೋಗಲಿದ್ದ ಕ್ಯಾಲ್ಸಿಯಂ ಆಗ ಮೂತ್ರಪಿಂಡದಲ್ಲೇ ಉಳಿದು ರಕ್ತಕ್ಕೆ ಮರಳುತ್ತದೆ. ಅದೇ ಮೂತ್ರಪಿಂಡದಲ್ಲಿ ಡಿ ವಿಟಮಿನ್ ತನ್ನ ಕ್ರಿಯಾಶೀಲ ರೂಪ ಪಡೆದು, ಕರುಳು ಊಟದಿಂದ ಹೆಚ್ಚು ಕ್ಯಾಲ್ಸಿಯಂ ಹೀರುವಂತೆ ಮಾಡುತ್ತದೆ. ಡಿ ವಿಟಮಿನ್ ಸಾಕಷ್ಟಿದ್ದರೆ ತಿಂದ ಕ್ಯಾಲ್ಸಿಯಂನಲ್ಲಿ ಶೇ. 30ರಿಂದ 40 ಒಳಸೇರುತ್ತದೆ. ಇಲ್ಲದಿದ್ದರೆ ಶೇ. 10ರಿಂದ 15 ಮಾತ್ರ. ಆ ಕೊರತೆ ತಿಂಗಳುಗಟ್ಟಲೆ ಮುಂದುವರಿದರೆ ಹಾರ್ಮೋನಿನ ಮಟ್ಟ ಏರಿಯೇ ಇರುತ್ತದೆ, ಅದು ಎಲುಬಿನ ಕ್ಯಾಲ್ಸಿಯಂ ಸೆಳೆಯುವುದರಿಂದ ಎಲುಬು ಸವೆಯುತ್ತಲೇ ಇರುತ್ತದೆ. ವರದಿಯಲ್ಲಿ ರಕ್ತದ ಕ್ಯಾಲ್ಸಿಯಂ ಮಾತ್ರ ಸರಿಯಾಗಿಯೇ ಕಾಣುತ್ತದೆ.

ಭಟ್ಕಳ, ಹೊನ್ನಾವರ, ಕುಮಟಾದಂಥ ಬಿಸಿಲೂರುಗಳಲ್ಲಿ ಡಿ ವಿಟಮಿನ್‌ಗೆ ಬರವೇ ಎಂದು ಕೇಳಬಹುದು. ಹೆಚ್ಚುಕಡಿಮೆ ಇದೇ ಅಕ್ಷಾಂಶದ ತಿರುಪತಿಯಲ್ಲಿ ಡಾ. ಸಿ. ವಿ. ಹರಿನಾರಾಯಣ್ ಮತ್ತು ಸಂಗಡಿಗರು ಆರೋಗ್ಯವಂತರನ್ನೇ ಪರೀಕ್ಷಿಸಿದಾಗಲೂ ಡಿ ವಿಟಮಿನ್ ಕೊರತೆ ವ್ಯಾಪಕವಾಗಿತ್ತು, ಊಟದಲ್ಲಿ ಕ್ಯಾಲ್ಸಿಯಂ ಕೂಡ ಕಡಿಮೆಯಿತ್ತು. ಚರ್ಮದಲ್ಲಿ ಈ ವಿಟಮಿನ್ ತಯಾರಾಗಲು ಬೇಕಾದ ಕಿರಣ ಅಲ್ಲಿ ಹೇರಳವಾಗಿ ಸಿಗುವುದು ಬೆಳಿಗ್ಗೆ 11ರಿಂದ ಮಧ್ಯಾಹ್ನ 2ರವರೆಗೆ ಎಂದೂ ಅವರು ತೋರಿಸಿದರು. ನಾವು ನೆರಳು ಹುಡುಕುವ ಹೊತ್ತು ಅದೇ. ಕಿಟಕಿಯ ಗಾಜು ಆ ಕಿರಣವನ್ನು ಒಳಬಿಡುವುದಿಲ್ಲ.

ನಮ್ಮ ಕರಾವಳಿಗೆ ಇನ್ನೊಂದು ತೊಡಕಿದೆ, ಅದು ಮಳೆಗಾಲ. ಜೂನ್‌ನಿಂದ ಮೋಡ ಕವಿಯುತ್ತದೆ. ಡಿ ವಿಟಮಿನ್ ಇರುವ ಬಂಗಡೆ, ತಾರ್ಲೆಗಳೂ ಅದೇ ಹೊತ್ತಿಗೆ ವಿರಳ, ಏಕೆಂದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಹೊಸದು ಸೇರದಿದ್ದರೆ ರಕ್ತದಲ್ಲಿರುವ ಡಿ ವಿಟಮಿನ್ ಎರಡು ಮೂರು ವಾರಗಳಲ್ಲಿ ಅರ್ಧಕ್ಕಿಳಿಯುತ್ತದೆ. ಮೀನು ತಿನ್ನದ ಮನೆಗಳಿಗೆ, ಒಳಗೇ ದುಡಿಯುವ ಹೆಂಗಸರಿಗೆ, ಹಿರಿಯರಿಗೆ ಪೆಟ್ಟು ಹೆಚ್ಚು. ಅನ್ನವೇ ಮುಖ್ಯವಾದ ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ. ಮಜ್ಜಿಗೆ, ಎಳ್ಳು, ರಾಗಿ, ಮುಳ್ಳುಸಮೇತ ತಿನ್ನುವ ಸಣ್ಣಮೀನು ಆ ಕೊರತೆಯನ್ನು ತುಂಬಬಲ್ಲವು.

ಬಹುದಿನದ ಸೊಂಟನೋವು, ತೊಡೆಯ ನಿಶ್ಶಕ್ತಿ ಇರುವವರು ಕ್ಯಾಲ್ಸಿಯಂ ಜೊತೆಗೆ ಡಿ ವಿಟಮಿನ್ ಮತ್ತು ಪ್ಯಾರಾಥೈರಾಯ್ಡ್ ಹಾರ್ಮೋನಿನ ಪರೀಕ್ಷೆಯೂ ಬೇಕೇ ಎಂದು ವೈದ್ಯರನ್ನು ಕೇಳಿ. 60,000 ಯೂನಿಟ್‌ನ ಡಿ ವಿಟಮಿನ್ ಪುಡಿಯನ್ನು ಮಾತ್ರ ನೀವಾಗಿಯೇ ತಂದು ನುಂಗುತ್ತಾ ಹೋಗಬೇಡಿ. ಅತಿಯಾದರೆ ರಕ್ತದ ಕ್ಯಾಲ್ಸಿಯಂ ಮಿತಿ ಮೀರಿ ಮೂತ್ರಪಿಂಡ ಹಾಳಾಗುತ್ತದೆ.