ನೆಲದ ಶಲ್ಯ: ನಗರ ನಿವೇಶನಗಳ ಕಲುಷಿತ ಮಣ್ಣು ಮತ್ತು ಸ್ಥಳಸ್ಮೃತಿ

ಕಟ್ಟಡಕ್ಕೆ ಪಾಯ ತೆಗೆಯುವ ಮುನ್ನ ನೆಲವನ್ನು ಪರೀಕ್ಷಿಸುವುದು ಭಾರತೀಯ ವಾಸ್ತುಪರಂಪರೆಯ ಮೊದಲ ವಿಧಿಗಳಲ್ಲೊಂದು. ಮಣ್ಣಿನ ಬಣ್ಣ, ವಾಸನೆ, ರುಚಿಗಳನ್ನು ನೋಡುವುದು, ಗುಂಡಿ ತೋಡಿ ತೆಗೆದ ಮಣ್ಣನ್ನೇ ಮರಳಿ ತುಂಬಿ ಅದು ಮಿಗುವುದೋ ಸಾಲದಾಗುವುದೋ ಎಂದು ಪರಿಶೀಲಿಸುವುದು ಇದರ ಕ್ರಮ. ನೆಲದೊಳಗೆ ಉಳಿದ ಮೂಳೆ, ಕೂದಲು, ಇದ್ದಿಲು ಮೊದಲಾದವಕ್ಕೆ ‘ಶಲ್ಯ’ವೆಂದು ಹೆಸರು; ಅವನ್ನು ಹೊರತೆಗೆಯುವುದು ‘ಶಲ್ಯೋದ್ಧಾರ’. ಇದನ್ನು ಬರಿಯ ನಂಬಿಕೆಯೆಂದು ಬದಿಗಿಡುವವರುಂಟು. ಆದರೆ ಇದರ ಹಿಂದಿರುವ ‘ಈ ನೆಲದಲ್ಲಿ ಹಿಂದೆ ಏನಿತ್ತು?’ ಎಂಬ ಪ್ರಶ್ನೆಯು ಇಂದಿನ ಕಲುಷಿತ ಮಣ್ಣಿನ ನಿರ್ವಹಣೆಯ ಮೊದಲ ಪ್ರಶ್ನೆಯೂ ಆಗಿದೆ.

ಈ ದೃಷ್ಟಿಯಿಂದ ಪೂರ್ವ ಲಂಡನ್ನಿನ ಸ್ಟ್ರಾಟ್‌ಫರ್ಡ್ ಪ್ರದೇಶವು ಗಮನಾರ್ಹವಾದ ನಿದರ್ಶನ. 1844ರ ಮಹಾನಗರ ಕಟ್ಟಡ ಕಾಯ್ದೆಯು ದುರ್ಗಂಧ ಬೀರುವ ಕಸುಬುಗಳನ್ನು ನಗರದೊಳಗೆ ನಿರ್ಬಂಧಿಸಿತು. ಕಾಯ್ದೆಯ ವ್ಯಾಪ್ತಿಗೆ ಹೊರಗಿದ್ದ ಲೀ ನದಿಯ ಪೂರ್ವದಂಡೆಯಲ್ಲಿ ಅವು ನೆಲೆಯೂರಿದವು. ಡಾಂಬರು, ಎಣ್ಣೆ, ರಾಸಾಯನಿಕಗಳ ಕಾರ್ಖಾನೆಗಳು, ರೈಲ್ವೆ ಅಂಗಳಗಳು, ಕಸದ ರಾಶಿಗಳು ನೂರು ವರ್ಷಕ್ಕೂ ಮಿಗಿಲಾಗಿ ಅಲ್ಲಿನ ಮಣ್ಣನ್ನು ತುಂಬಿದವು. 2012ರ ಒಲಿಂಪಿಕ್ ಕ್ರೀಡೆಗಳ ಆತಿಥ್ಯವು 2005ರಲ್ಲಿ ಲಂಡನ್ನಿಗೆ ದೊರೆತಾಗ, ಸುಮಾರು 250 ಹೆಕ್ಟೇರಿನ ಈ ಪ್ರದೇಶವನ್ನೇ ಕ್ರೀಡಾಂಗಣಗಳ ತಾಣವನ್ನಾಗಿಸಲಾಯಿತು. ಇಲ್ಲಿನ ಶಲ್ಯಗಳೆಂದರೆ ಎಣ್ಣೆ, ಡಾಂಬರು, ಸೀಸ, ಆರ್ಸೆನಿಕ್, ಸಯನೈಡ್. ಇವುಗಳಲ್ಲಿ ಕೆಲವನ್ನು ಕಣ್ಣು ಮೂಗುಗಳು ಗುರುತಿಸಲಾರವು. ನಾಲಗೆಯ ಪರೀಕ್ಷೆಯಂತೂ ಅಪಾಯಕರ.

ಇಂಥ ನೆಲದ ನಿರ್ವಹಣೆಗೆ ಆಧಾರವಾದ ತತ್ತ್ವ ಸರಳವಾದುದು. ವಿಷದ ಮೂಲ, ಅದು ಸಾಗುವ ಮಾರ್ಗ, ಅದು ತಲುಪುವ ಜೀವ ಅಥವಾ ನೀರು—ಈ ಮೂರೂ ಕೂಡಿದಾಗ ಮಾತ್ರ ಅಪಾಯ. ಇವುಗಳಲ್ಲಿ ಒಂದು ಕೊಂಡಿಯನ್ನು ಕಳಚಿದರೂ ಸಾಕು. ಆದುದರಿಂದ ಎಲ್ಲ ಮಣ್ಣನ್ನೂ ಅಗೆದು ಬೇರೊಂದು ಊರಿನ ಗುಂಡಿಗೆ ಸುರಿಯಬೇಕಾಗಿಲ್ಲ. ಹಾಗೆ ಮಾಡಿದರೆ ಶಲ್ಯವು ನೆಲ ಬದಲಿಸುತ್ತದೆಯೇ ಹೊರತು ಇಲ್ಲವಾಗುವುದಿಲ್ಲ.

ಸ್ಟ್ರಾಟ್‌ಫರ್ಡಿನಲ್ಲಿ ಮಣ್ಣು ತೊಳೆಯುವ ಯಂತ್ರಗಳನ್ನು ಸ್ಥಳದಲ್ಲಿಯೇ ನಿಲ್ಲಿಸಲಾಯಿತು. ಅದಕ್ಕೆ ‘ಮಣ್ಣಿನ ಆಸ್ಪತ್ರೆ’ ಎಂಬ ಹೆಸರು ಬಂದಿತು. ವಿಷವು ಹೆಚ್ಚಾಗಿ ನುಣುಪಾದ ಕಣಗಳಿಗೆ ಅಂಟುವುದರಿಂದ, ಮರಳು ಜಲ್ಲಿಗಳನ್ನು ತೊಳೆದು ಬೇರ್ಪಡಿಸಿ ಮರುಬಳಸಬಹುದು. ಉಳಿದ ಕೆಸರನ್ನಷ್ಟೇ ವಿಲೇವಾರಿ ಮಾಡಿದರಾಯಿತು. ಎಣ್ಣೆ ಬೆರೆತ ಮಣ್ಣನ್ನು ಸೂಕ್ಷ್ಮಜೀವಿಗಳಿಂದ ಶುದ್ಧಗೊಳಿಸುವ ವಿಧಾನವೂ ಉಂಟು. ಒಟ್ಟಾರೆ ಸುಮಾರು 20 ಲಕ್ಷ ಟನ್ ಮಣ್ಣು ಹೀಗೆ ಶುದ್ಧೀಕರಣಕ್ಕೆ ಒಳಗಾಯಿತು. ಅದರ ಮೇಲೆ ಸುಮಾರು 60 ಸೆಂ.ಮೀ. ಶುದ್ಧ ಮಣ್ಣನ್ನು ಹಾಸಿ, ಎರಡರ ನಡುವೆ ಎದ್ದುಕಾಣುವ ಬಣ್ಣದ ಗುರುತುಪದರವನ್ನು ಇರಿಸಲಾಯಿತು. ಮುಂದೆ ಅಗೆಯುವವನಿಗೆ ಅದೇ ಎಚ್ಚರಿಕೆ.

ಯಂತ್ರಗಳಿಗಿಂತ ಮೊದಲು ಬೇಕಾದುದು ಸ್ಥಳದ ಚರಿತ್ರೆ. ಎಲ್ಲಿ ಕೊಳವೆ ಇಳಿಸಿ ಮಾದರಿ ತೆಗೆಯಬೇಕೆಂಬುದನ್ನು ಹಳೆಯ ನಕ್ಷೆಗಳು ಸೂಚಿಸುತ್ತವೆ. ನಕ್ಷೆಗೆ ಬಾರದ ಗುಂಡಿ, ಮುಚ್ಚಿಹೋದ ಹಳ್ಳ, ರಾತ್ರಿ ಸುರಿದ ಪೀಪಾಯಿಗಳ ವಿವರವು ಹಳಬರ ಬಾಯಲ್ಲಿರುತ್ತದೆ. ಪುಡಿಂಗ್ ಮಿಲ್ ಲೇನ್ ಎಂಬ ಹೆಸರು ಇಲ್ಲವಾದ ಗಿರಣಿಯೊಂದನ್ನು ಇಂದಿಗೂ ನೆನಪಿಸುತ್ತದೆ. ಆದರೆ ಅದೇ ನೆಲದಲ್ಲಿ ದಶಕಗಳ ಕಾಲ ತರಕಾರಿ ಬೆಳೆದಿದ್ದ ಮ್ಯಾನರ್ ಗಾರ್ಡನ್ಸ್‌ನ ತೋಟಗಾರರನ್ನೂ ಕ್ಲೇಸ್ ಲೇನ್‌ನ ನಿವಾಸಿಗಳನ್ನೂ 2007ರಲ್ಲಿ ಬೇರೆಡೆಗೆ ಕಳುಹಿಸಲಾಯಿತು.

ತೊಳೆದ ಮಣ್ಣನ್ನು ಮರಳಿ ತುಂಬಬಹುದು. ಚದುರಿದ ನೆನಪನ್ನು ಹಾಗೆ ತುಂಬಲಾಗದು. ಆದುದರಿಂದ ನಿವೇಶನದ ಪರೀಕ್ಷೆಯಲ್ಲಿ ಮೌಖಿಕ ಚರಿತ್ರೆಯ ಸಂಗ್ರಹವು ಜನರನ್ನು ತೆರವುಗೊಳಿಸುವ ಮೊದಲೇ ನಡೆಯಬೇಕಾದ ಕಾರ್ಯ. ಶಲ್ಯವಿರುವ ಜಾಗವನ್ನು ಬಲ್ಲವರು ಊರು ಬಿಟ್ಟ ಮೇಲೆ ನೆಲವನ್ನು ಕೇಳಿ ಫಲವಿಲ್ಲ.