ಜಾಣ ವಿದ್ಯಾರ್ಥಿಗೆ ಬೇಕಾದದ್ದು ವೇಗವಲ್ಲ, ಆಳ

ಕೊಟ್ಟ ಲೆಕ್ಕವನ್ನು ಎಲ್ಲರಿಗಿಂತ ಮೊದಲು ಮುಗಿಸಿ, ಗಂಟೆ ಹೊಡೆಯುವುದನ್ನೇ ಕಾಯುತ್ತ ಕೂರುವ ಒಬ್ಬಿಬ್ಬರು ನಿಮ್ಮ ತರಗತಿಯಲ್ಲೂ ಇರಬಹುದು. ಬಹುಶಃ ನೀವೇ ಅಂಥವರು. ಮುಂದಿನ ವರ್ಷದ ಪುಸ್ತಕ ಕೊಟ್ಟುಬಿಟ್ಟರೆ ಇವರ ಹಸಿವು ತೀರುತ್ತದೆಯೆ?

ಪೆನ್ಸಿಲು, ಕಾಗದ ಕೈಗೆತ್ತಿಕೊಳ್ಳಿ. 4, 5, 6 ಗುಣಿಸಿದರೆ 120. ಅದು 6ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. 7, 8, 9 ಗುಣಿಸಿ ನೋಡಿ. ಬರುವ 504 ಕೂಡ ಹಾಗೆಯೇ. ಒಂದರ ಪಕ್ಕ ಒಂದು ಬರುವ ಯಾವ ಮೂರು ಸಂಖ್ಯೆಗಳಿಗೂ ಇದು ನಿಜ. ಏಕೆ? ನೂರು ಉದಾಹರಣೆ ಕೊಟ್ಟರೂ ಅದು ಉತ್ತರವಲ್ಲ. ಆ ಮೂರರಲ್ಲಿ ಒಂದಾದರೂ ಸಮಸಂಖ್ಯೆ ಇರಲೇಬೇಕು, ಒಂದು 3ರ ಗುಣಕ ಆಗಿರಲೇಬೇಕು. ಈ ಕಾರಣ ಹೊಳೆದಾಗಲೇ ಲೆಕ್ಕ ಮುಗಿದಂತೆ. ಭಾರತ 1989ರಿಂದ ಭಾಗವಹಿಸುತ್ತಿರುವ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್ ಹುಡುಕುವುದು ಇಂಥ ಯೋಚನೆಯನ್ನೇ.

ನಗರದ ದೊಡ್ಡ ಪ್ರೌಢಶಾಲೆಯಲ್ಲಿ ಇದಕ್ಕೆ ತರಬೇತಿ ಸಿಕ್ಕೀತು. ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿಯ ಹುಡುಗಿ ಏನು ಮಾಡಬೇಕು?

1986ರ ರಾಷ್ಟ್ರೀಯ ಶಿಕ್ಷಣ ನೀತಿ ಈ ಪ್ರಶ್ನೆಗೆ ಕೊಟ್ಟ ಉತ್ತರ ನವೋದಯ ವಿದ್ಯಾಲಯ. ಚಿತ್ರದುರ್ಗ ಜಿಲ್ಲೆಯದು ಹಿರಿಯೂರು ತಾಲ್ಲೂಕಿನ ಉಡುವಳ್ಳಿಯಲ್ಲಿದೆ. ಕನಿಷ್ಠ ಶೇಕಡ 75 ಸ್ಥಾನ ಗ್ರಾಮೀಣ ಮಕ್ಕಳಿಗೆ, ಮೂರನೆಯ ಒಂದು ಭಾಗ ಹುಡುಗಿಯರಿಗೆ ಮೀಸಲು. 6ನೇ ತರಗತಿಯ ಪ್ರವೇಶ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಊಟ, ವಸತಿ ಉಚಿತ.

ಆದರೆ ಸ್ಥಾನಗಳು ಹೆಚ್ಚೆಂದರೆ 80. ಪರೀಕ್ಷೆ ಎರಡು ಗಂಟೆಯದು, ಬರೆಯಲು ಅವಕಾಶ ಒಂದೇ ಸಲ. ಐದನೇ ತರಗತಿಯ ಮಗು ಆ ಎರಡು ಗಂಟೆಗಳಲ್ಲಿ ಗುರುತು ಹಾಕಿದ ಉತ್ತರಗಳು ಅದರ ಬುದ್ಧಿಗೆ ಕೊನೆಯ ತೀರ್ಪಾಗಬೇಕೆ? ಖಂಡಿತ ಬೇಡ. ಸ್ಥಾನ ಖಾಲಿಯಿದ್ದರೆ 9 ಮತ್ತು 11ನೇ ತರಗತಿಗಳಿಗೂ ಪ್ರವೇಶವುಂಟು. ಸರ್ಕಾರಿ ಹಾಗೂ ಅನುದಾನಿತ ಶಾಲೆಯ ಬಡ ಮಕ್ಕಳಿಗೆ 8ನೇ ತರಗತಿಯಲ್ಲಿ ಎನ್.ಎಂ.ಎಂ.ಎಸ್. ಪರೀಕ್ಷೆ ಇದೆ. ಆಯ್ಕೆಯಾದವರಿಗೆ 9ರಿಂದ 12ರವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ. ಅರ್ಜಿಯ ವಿಷಯವನ್ನು ಮುಖ್ಯೋಪಾಧ್ಯಾಯರಲ್ಲಿ ನೀವಾಗಿಯೇ ಕೇಳಿ. ತಿಳಿಯದ ಕಾರಣಕ್ಕೇ ಅವಕಾಶ ಕೈತಪ್ಪಬಾರದು.

ಆಯ್ಕೆಯಾಗದವರ ಗತಿ? ಇಲ್ಲಿ ಶಿಕ್ಷಕರ ಪಾತ್ರ ದೊಡ್ಡದು. ಚಳ್ಳಕೆರೆ ಬಳಿಯ ಕುದಾಪುರದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ವಿಜ್ಞಾನ ಶಿಕ್ಷಕರಿಗೆ ಪ್ರಯೋಗಗಳ ಮೂಲಕ ತರಬೇತಿ ನೀಡಲಾಗುತ್ತದೆ. ಶಾಲೆ ಆರಿಸಿಕೊಳ್ಳುವುದು ಎಂಬತ್ತು ಮಕ್ಕಳನ್ನು. ಒಬ್ಬ ಒಳ್ಳೆಯ ಶಿಕ್ಷಕ ತಲುಪುವುದು ಇಡೀ ತರಗತಿಯನ್ನು. "ಏಕೆ?" ಎಂದು ಕೇಳಲು ಯಾವ ಪ್ರವೇಶ ಪರೀಕ್ಷೆಯೂ ಬೇಕಿಲ್ಲ. ನಾಳೆಯ ಪಾಠದಲ್ಲೇ ಕೇಳಿ ನೋಡಿ.