ಮಿಕ್ಸಿಗೂ ಬೇಕು ‘ವೀಸಾ’!

ಮಗಳು-ಅಳಿಯ ಅಮೆರಿಕಕ್ಕೆ ಹೊರಟಿದ್ದಾರೆ. ಸೂಟ್‌ಕೇಸಿಗೆ ಸಾರಿನ ಪುಡಿ, ಚಟ್ನಿಪುಡಿ, ಹಪ್ಪಳ ಎಲ್ಲಾ ತುಂಬಿದ್ದಾಯ್ತು. ‘ಅಲ್ಲಿ ಕಾಯಿಚಟ್ನಿಗೆ ಏನ್ ಮಾಡ್ತೀಯೇ? ಮದುವೇಲಿ ಬಂದ ಮಿಕ್ಸಿ ಹಾಗೇ ಇದೆ, ತಗೊಂಡ್ಹೋಗು’ ಎಂದು ಅಮ್ಮ ಅದನ್ನೂ ಸೀರೆಗಳ ನಡುವೆ ಇಡುತ್ತಾಳೆ. ಸ್ವಲ್ಪ ನಿಲ್ಲಿ! ಅಲ್ಲಿನ ಕರೆಂಟು ಆ ಮಿಕ್ಸಿಗೆ ಒಗ್ಗುತ್ತದೆಯೇ?

ನಮ್ಮ ಮನೆಗೆ ಬರುವುದು 230 ವೋಲ್ಟ್, 50 ಹರ್ಟ್ಸ್ ವಿದ್ಯುತ್. ಅಮೆರಿಕದ ಮಾಮೂಲಿ ಸಾಕೆಟ್‌ನಲ್ಲಿ ಸಿಗುವುದು 120 ವೋಲ್ಟ್, 60 ಹರ್ಟ್ಸ್. ಹೆಚ್ಚೂಕಡಿಮೆ ಅರ್ಧ! ಪಿನ್ನೂ ಬೇರೆ, ನಮ್ಮದು ದುಂಡು, ಅಲ್ಲಿಯದು ಚಪ್ಪಟೆ. ಪುಟ್ಟ ಅಡಾಪ್ಟರ್ ಪಿನ್ನನ್ನು ಮಾತ್ರ ಹೊಂದಿಸುತ್ತದೆ, ವೋಲ್ಟೇಜನ್ನಲ್ಲ. ಅನೇಕರು ಎಡವುವುದೇ ಇಲ್ಲಿ. ಅಡಾಪ್ಟರ್ ಹಾಕಿ ಮಿಕ್ಸಿ ತಿರುಗಿಸಿದರೆ ಅದು ಸುಸ್ತಾದವರಂತೆ ನಿಧಾನವಾಗಿ ಸುತ್ತುತ್ತದೆ. ಕಾಯಿ ನುಣ್ಣಗಾಗುವುದಿಲ್ಲ. ಬ್ಲೇಡು ಸಿಕ್ಕಿಕೊಂಡರೆ ಮೋಟರ್ ಬಿಸಿಯಾಗಿ ಕೆಡಲೂಬಹುದು.

ಇದರ ಉಲ್ಟಾ ಇನ್ನೂ ಅಪಾಯ. ಅಲ್ಲಿಂದ ತಂದ 120 ವೋಲ್ಟ್‌ನ ಇಸ್ತ್ರಿಪೆಟ್ಟಿಗೆಯನ್ನು ಇಲ್ಲಿ ನೇರವಾಗಿ ಹಾಕಿದರೆ ಅದು ಮೂರೂವರೆ ಪಟ್ಟಿಗೂ ಹೆಚ್ಚು ವಿದ್ಯುತ್ ಎಳೆಯುತ್ತದೆ. ಸುಟ್ಟು ಹೋಗುವುದಷ್ಟೇ ಅಲ್ಲ, ಬೆಂಕಿಯೂ ಹತ್ತಬಹುದು.

ಹಾಗಾದರೆ ಏನು ಮಾಡಬೇಕು?

* ಮೊದಲು ಉಪಕರಣದ ತಳದಲ್ಲಿರುವ ಚೀಟಿ ಓದಿ. ‘100-240 ವೋಲ್ಟ್, 50/60 ಹರ್ಟ್ಸ್’ ಎಂದಿದ್ದರೆ ಚಿಂತೆಯಿಲ್ಲ, ಅಡಾಪ್ಟರ್ ಸಾಕು. ಮೊಬೈಲ್, ಲ್ಯಾಪ್‌ಟಾಪ್ ಚಾರ್ಜರ್‌ಗಳು ಸಾಮಾನ್ಯವಾಗಿ ಹೀಗೇ ಇರುತ್ತವೆ.

* ಇಸ್ತ್ರಿಪೆಟ್ಟಿಗೆ, ಹೇರ್ ಡ್ರೈಯರ್, ಎಲೆಕ್ಟ್ರಿಕ್ ಕುಕ್ಕರ್ ಒಯ್ಯಲೇಬೇಡಿ. ನಮ್ಮ ಇಸ್ತ್ರಿಪೆಟ್ಟಿಗೆ ಅಲ್ಲಿ ಕಾಲುಭಾಗದಷ್ಟೇ ಕಾಯುತ್ತದೆ. ಅಲ್ಲೇ ಕೊಂಡುಕೊಳ್ಳುವುದು ಜಾಣತನ.

* ಮಿಕ್ಸಿ ಬೇಕೇ ಬೇಕೆಂದರೆ ಅಮೆರಿಕಕ್ಕೆಂದೇ ತಯಾರಾಗುವ 110 ವೋಲ್ಟ್ ಮಿಕ್ಸಿ ಕೇಳಿ. ಗ್ಯಾರಂಟಿ ಆ ದೇಶದಲ್ಲೂ ನಡೆಯುತ್ತದೆಯೇ ಎಂದು ಬರೆಸಿಕೊಳ್ಳಿ.

* ಇರುವ ಮಿಕ್ಸಿಯೇ ಸಾಕು ಎನ್ನುವವರು ವೋಲ್ಟೇಜ್ ಏರಿಸುವ ‘ಸ್ಟೆಪ್ ಅಪ್’ ಟ್ರಾನ್ಸ್‌ಫಾರ್ಮರ್ ಕೊಳ್ಳಬೇಕು. 750 ವ್ಯಾಟ್ ಮಿಕ್ಸಿಗೆ ಸುಮಾರು 1500 ವ್ಯಾಟ್‌ನದು ಇರಲಿ. ಮೋಟರ್ ಶುರುವಾಗುವಾಗ ಹೆಚ್ಚು ಎಳೆಯುತ್ತದೆ. ಇದು ಹಲವು ಕೆ.ಜಿ. ತೂಗುತ್ತದೆ. ಹೊತ್ತೊಯ್ಯದೆ ಅಲ್ಲೇ ಕೊಳ್ಳಿ. ಹೇರ್ ಡ್ರೈಯರ್‌ಗೆಂದು ಮಾರುವ ಹಗುರ ಕನ್ವರ್ಟರ್ ಮಿಕ್ಸಿಗೆ ಆಗದು.

* ಇಡ್ಲಿ ಹಿಟ್ಟಿನ ಗ್ರೈಂಡರ್‌ಗೆ ಇನ್ನೊಂದು ತೊಡಕಿದೆ. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಸರಿಮಾಡುತ್ತದೆ, ಹರ್ಟ್ಸ್ ಬದಲಿಸದು. ಹಾಗಾಗಿ ಗ್ರೈಂಡರ್ ಐದನೇ ಒಂದರಷ್ಟು ಹೆಚ್ಚು ವೇಗವಾಗಿ ತಿರುಗುತ್ತದೆ. ಇದಕ್ಕೂ ಆ ದೇಶದ ಮಾಡೆಲ್ಲೇ ಒಳ್ಳೆಯದು.

* ಮೂರು ಪಿನ್ನಿನ ಉಪಕರಣಕ್ಕೆ ಅರ್ಥ್ ಇರುವ ಅಡಾಪ್ಟರನ್ನೇ ಬಳಸಿ.

ದುಬೈ, ಸಿಂಗಪುರ, ಲಂಡನ್, ಸಿಡ್ನಿಗೆ ಹೊರಟಿದ್ದೀರಾ? ಅಲ್ಲಿಯೂ ನಮ್ಮ ಹಾಗೇ 230 ವೋಲ್ಟ್, 50 ಹರ್ಟ್ಸ್. ಪಿನ್ ಮಾತ್ರ ಬೇರೆ. ಮಿಕ್ಸಿಯನ್ನು ಧಾರಾಳವಾಗಿ ಕಟ್ಟಿಕೊಳ್ಳಿ.

ಅಮೆರಿಕಕ್ಕೆ ಹೋಗುವ ಮಗಳ ಮದುವೆ ಮಿಕ್ಸಿ ನಿಮ್ಮಲ್ಲೇ ಇರಲಿ ಬಿಡಿ. ರಜಕ್ಕೆ ಬಂದಾಗ ಅದರಲ್ಲೇ ಚಟ್ನಿ ಮಾಡಿ ಬಡಿಸಿದರಾಯ್ತು. ಮಿಕ್ಸಿ ತೆಗೆದ ಜಾಗದಲ್ಲಿ ಇನ್ನೆರಡು ಡಬ್ಬಿ ಸಾರಿನ ಪುಡಿ ಹಿಡಿಯುತ್ತದಲ್ಲ!